ನೀಲಿ ಗಾಜಿನೊಳಗಿನ ಕಾಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಪಿಯುಸಿಗೆ ಸೇರಿದರೆ ದೊಡ್ಡವಳಾಗುತ್ತೀಯ, ಆಗ ತಾನಾಗಿ ಸಮಾಧಾನ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಪಿಯುಸಿ ಬಂತು, ಮೊಡವೆ ಬಂತು, ಸಮಾಧಾನದ ಸುಳಿವಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಎದುರಿಗೆ ಒಂದು ಚರ್ಚು. ಎದುರಿಗೆ ಎಂದರೆ, ನಮ್ಮಪ್ಪ ಬೆಳಿಗ್ಗೆ ಬಚ್ಚಲಲ್ಲಿ ನಾಲಿಗೆ ಉಜ್ಜಿ ಓಕರಿಸಿದರೆ ಅಲ್ಲಿ ಪ್ರಾರ್ಥನೆ ಒಂದು ಕ್ಷಣ ನಿಂತು ಮುಂದುವರಿಯುವಷ್ಟು ಎದುರಿಗೆ. ಕನ್ನಡದ ಪ್ರಾಟೆಸ್ಟೆಂಟರ ಚರ್ಚು. ಅವರು ಅದನ್ನು ದೇವಾಲಯ ಎನ್ನುತ್ತಾರೆ, ಅಲ್ಲಿ ಸೇರುವವರನ್ನು ಸಭೆ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಅದು ದೇವಸ್ಥಾನದ ಹಾಗೂ ಕಾಣುತ್ತಿರಲಿಲ್ಲ, ಸಿನಿಮಾದಲ್ಲಿ ತೋರಿಸುವ ಚರ್ಚಿನ ಹಾಗೂ ಕಾಣುತ್ತಿರಲಿಲ್ಲ. ಕೆಂಪು ಹೆಂಚಿನ ಮಾಡು, ಸುಣ್ಣದ ಗೋಡೆ, ಮರದ ಪಟ್ಟಿಯ ಕಿಟಕಿ. ಗೋಪುರವಿಲ್ಲ, ಬಣ್ಣದ ಗಾಜಿಲ್ಲ, ಒಂದು ವಿಗ್ರಹವಿಲ್ಲ. ಮೇಣದಬತ್ತಿ ಹಚ್ಚುತ್ತಿದ್ದುದು ಕೂಡ ಕರೆಂಟು ಹೋದಾಗ ಮಾತ್ರ. ಒಳಗೆ ಉದ್ದುದ್ದ ಬೆಂಚು, ನಟ್ಟ ನಡುವೆ ಪ್ರಸಂಗ, ಅಂದರೆ ಉಪದೇಶ, ಮಾಡುವ ಪೀಠ, ಅದರ ಹಿಂದೆ ಬರೀ ಗೋಡೆ. ಜೂನ್ ಬಂದರೆ ತಪ್ಪದೆ ಯಾರಾದರೂ ಮಗುವನ್ನು ಎಳೆದುಕೊಂಡು ಬಂದು ಅಲ್ಲಿ ಎಲ್‌ಕೆಜಿ ಅಡ್ಮಿಷನ್ ಕೇಳುತ್ತಿದ್ದರು. ಒಮ್ಮೆ ಒಬ್ಬಾತ ಗೋಣಿಚೀಲ ಹೊತ್ತು ಬಂದು, ಇದು ರೈಲ್ವೆ ಪಾರ್ಸೆಲ್ ಆಫೀಸಾ ಎಂದ. "ಹೌದು, ಆದ್ರೆ ಸ್ವರ್ಗಕ್ಕೆ ಮಾತ್ರ ಬುಕಿಂಗು" ಎಂದೆ. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, "ಓಕಳಿಪುರಂಗೆ ಹೋಗ್ಬೇಕಿತ್ತು ಕಣಮ್ಮ, ಅದು ದಾರೀಲ್ ಸಿಗತ್ತಾ?" ಎಂದು ಕೇಳಿದ. ನನ್ನ ಅತ್ಯುತ್ತಮ ಜೋಕುಗಳೆಲ್ಲ ಇಂಥವರ ಮೇಲೇ ವ್ಯರ್ಥವಾಗಿವೆ.

ಆ ಕಟ್ಟಡಕ್ಕಿದ್ದ ಒಂದೇ ಒಂದು ಆಡಂಬರವೆಂದರೆ ಮುಂದಿನ ಜಗಲಿ. ಮರದ ಕಂಬಗಳು, ಕೆಂಪು ಗಾರೆಯ ನೆಲ. ಕೂತವರ ಸೀರೆ, ಪಂಚೆ, ಚಡ್ಡಿಗಳು ಉಜ್ಜಿ ಉಜ್ಜಿ ಆ ನೆಲ ಎಷ್ಟು ನುಣುಪಾಗಿತ್ತೆಂದರೆ ನಾನು ಅದರಲ್ಲಿ ನೋಡಿಕೊಂಡು ಎರಡು ಜಡೆ ಹೆಣೆದಿದ್ದೇನೆ. ಸರಿ, ಒಂದು ಜಡೆ. ಚರ್ಚಿನ ಕಿಟಕಿಗಳೆಲ್ಲ ಈ ಜಗಲಿಗೇ ತೆರೆದುಕೊಳ್ಳುತ್ತಿದ್ದವು, ಅವು ನನ್ನ ಮೊಣಕಾಲಿನ ಮಟ್ಟದಲ್ಲಿದ್ದವು.

ಆ ಜಗಲಿ ಟೀಚರಮ್ಮನ ರಾಜ್ಯ. ಟೀಚರಮ್ಮ ನಮ್ಮ ಹಿಂದಿನ ಕ್ರಾಸಿನವರು, ಆ ಸಭೆಗೆ ಸೇರಿದವರು, ಸ್ಕೂಲಿನಿಂದ ರಿಟೈರಾದ ಮಾರನೇ ದಿನವೇ ಚಾಪೆ ಕಂಕುಳಲ್ಲಿಟ್ಟುಕೊಂಡು ಬಂದು ಅಲ್ಲಿ ಸಂಜೆ ಪಾಠ ಶುರು ಮಾಡಿದವರು. ಯಾರು ಬೇಕಾದರೂ ಬರಬಹುದು, ಚಪ್ಪಲಿ ಮೆಟ್ಟಿಲ ಕೆಳಗೆ ಬಿಡಬೇಕು, ಅಷ್ಟೇ ನಿಯಮ. ಹೂ ಕಟ್ಟುವವರ ಮಕ್ಕಳು, ಇಸ್ತ್ರಿ ಅಂಗಡಿಯ ಅವಳಿಗಳು, ಮತ್ತೆ ನಾನು. ನನಗೆ ಟ್ಯೂಷನ್ ಬೇಕಿರಲಿಲ್ಲ, ನಾನು ಕ್ಲಾಸಿಗೇ ಫಸ್ಟು. ಬೇಕಿದ್ದರೆ ನನ್ನನ್ನೇ ಕೇಳಿ. ಸಂಜೆ ಹೊತ್ತು ನನ್ನ ಬಾಯಿ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ, ಅದಕ್ಕೇ ಕಳಿಸುತ್ತಿದ್ದರು.

ಒಂದು ಸಂಜೆ ಕಾಲು ಚಾಚಿ ಕೂತು ಕೇಳಿದೆ. "ಟೀಚರಮ್ಮ, ಈ ಕಿಟಕಿಗಳು ಯಾಕೆ ಇಷ್ಟು ಕೆಳಗಿವೆ? ಕಟ್ಟಿದ್ ಮೇಸ್ತ್ರಿ ಕುಳ್ಳನಾ?"

"ಮೇಸ್ತ್ರಿ ನೆಟ್ಟಗೇ ಇದ್ದ. ನೋಡೋರು ಕೂತಿರ್ತಿದ್ರು, ಅದಕ್ಕೆ."

"ಯಾರು ನೋಡೋರು?"

ಆಗ ಹೇಳಿದರು. ಅವರ ತಾತನ ಕಾಲದಲ್ಲಿ ಒಂದು ಮನೆಯಿಂದ ಒಬ್ಬ ಮಗ ಸಭೆಗೆ ಸೇರಿದರೆ ಉಳಿದವರು ಸೇರುತ್ತಿರಲಿಲ್ಲ. ಮಗನ ಮೇಲೆ ಕೋಪ, ಅಳು, ಮಾತು ಬಿಡುವುದು ಎಲ್ಲ ಆಗುತ್ತಿತ್ತು. ಆಮೇಲೆ ಆ ಮಗನ ಮದುವೆ ಬರುತ್ತಿತ್ತು. ಚರ್ಚಿನ ಒಳಗೆ ಹೋದರೆ ತಾಯಿಯ ಮಡಿ ಕೆಡುತ್ತದೆ. ಹೋಗದಿದ್ದರೆ ಹೆತ್ತ ಮಗನ ಮದುವೆ ತಪ್ಪುತ್ತದೆ. ಹೀಗಾಗಿ ಕಟ್ಟುವವರು ಒಳಗಿನ ಹಜಾರದಷ್ಟೇ ಉದ್ದಕ್ಕೆ ಹೊರಗೆ ಜಗಲಿ ಕಟ್ಟಿದರು, ಕೂತವರ ಕಣ್ಣಿನ ಎತ್ತರಕ್ಕೆ ಕಿಟಕಿ ಇಟ್ಟರು. ತಾಯಂದಿರು, ಅಜ್ಜಿಯಂದಿರು ತಮ್ಮ ತಮ್ಮ ನೀರಿನ ತಂಬಿಗೆ ತಂದು ಹೊರಗೇ ಕೂತು ಮದುವೆ ನೋಡಿ ಹೋಗುತ್ತಿದ್ದರು. ಯಾರೂ ಒಳಗೆ ಬನ್ನಿ ಎಂದು ಒತ್ತಾಯಿಸುತ್ತಿರಲಿಲ್ಲ, ಯಾರೂ ಹೊರಗೆ ಯಾಕೆ ಕೂತಿರಿ ಎಂದು ಕೇಳುತ್ತಿರಲಿಲ್ಲ.

"ನಮ್ಮ ತಾತನ ಮದುವೇಲಿ ಅವರಮ್ಮ ಕೂತಿದ್ದು ಎಲ್ಲಿ ಗೊತ್ತಾ? ನೀನ್ ಈಗ ಕಾಲ್ ಚಾಚಿದೀಯಲ್ಲ, ಅಲ್ಲೇ."

ನನ್ನ ಕಾಲು ತಾನಾಗಿ ಮಡಚಿಕೊಂಡಿತು. ಹಾಗೆಲ್ಲ ಸುಲಭವಾಗಿ ಮಡಚುವ ಕಾಲಲ್ಲ ಅದು.

ಆ ಪದ್ಧತಿ ನಿಂತಿರಲಿಲ್ಲ. ನಮ್ಮಜ್ಜಿ ಬೇಕಾದರೆ ಸಾಕ್ಷಿ. ನಮ್ಮಜ್ಜಿ ಕ್ರಿಸ್‌ಮಸ್ಸಿಗೆ ಟೀಚರಮ್ಮನ ಮನೆಯಿಂದ ಬರುವ ರೋಸ್ ಕುಕ್ಕಿ ಮುಟ್ಟುವುದಿಲ್ಲ. ಅವರಿಗೆಂದು ಟೀಚರಮ್ಮ ಬೇರೆಯಾಗಿ ಒಂದು ಚಿಪ್ಪು ಬಾಳೆಹಣ್ಣು, ಒಡೆಯದ ತೆಂಗಿನಕಾಯಿ ಕಳಿಸುತ್ತಾರೆ. ಸಂಕ್ರಾಂತಿಗೆ ಇವರು ಎಳ್ಳು ಬೀರುತ್ತಾರೆ. ಇಂಥ ನಮ್ಮಜ್ಜಿ ಆ ಚರ್ಚಿನ ಒಂದು ಮದುವೆಯನ್ನೂ ತಪ್ಪಿಸಿದವರಲ್ಲ. ಬೆಳ್ಳಿ ತಂಬಿಗೆ, ಕೂರಲು ತಮ್ಮದೇ ಮಣೆ ತಗೊಂಡು ಹೋಗಿ ಪೀಠಕ್ಕೆ ಹತ್ತಿರದ ಮೊದಲನೇ ಕಿಟಕಿ ಹಿಡಿಯುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಗುಟ್ಟಾಗಿ ಹೇಳುವುದನ್ನೆಲ್ಲ ಕೂಗಿ ಹೇಳುತ್ತಿದ್ದರು. "ಹುಡುಗಂಗೆ ಕೂದಲು ಕಮ್ಮಿ ಕಣೇ!" ಎಂದದ್ದು ಒಮ್ಮೆ ಸರಿಯಾಗಿ, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಸಭಾಪಾಲಕರು ಕೇಳಿ ಕಾಯುತ್ತಿದ್ದ ಹೊತ್ತಿಗೆ ಒಳಗೆ ಕೇಳಿಸಿತು. ಮದುವೆ ನಡೆಯಿತು. ಹುಡುಗ ಮಾತ್ರ ಫೋಟೋಗಳಲ್ಲೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡಿದ್ದಾನೆ.

ನಾನು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಟೀಚರಮ್ಮ ಸಾಕಿದ ಮೊಮ್ಮಗಳ ಮದುವೆ ನಿಶ್ಚಯವಾಯಿತು. ತಾಯಿಯಿಲ್ಲದ ಹುಡುಗಿ, ಟೀಚರಮ್ಮನಿಗೆ ಇದ್ದದ್ದು ಅವಳೊಬ್ಬಳೇ. ಬರುವ ಜನವರಿಗೆ, ಧನುರ್ಮಾಸದಲ್ಲಿ, ಏಕೆಂದರೆ ಆಗ ನಮ್ಮವರ ಮದುವೆಗಳಿರುವುದಿಲ್ಲ, ಊಟಕ್ಕೆ ಛತ್ರ ಸಲೀಸಾಗಿ ಸಿಗುತ್ತದೆ. ಟೀಚರಮ್ಮ ನಮ್ಮ ಮನೆಗೆ ಬಂದು ಅಜ್ಜಿಗೆ ಹೇಳಿದರು.

"ಮೊದಲನೇ ಕಿಟಕಿ ನಿಮ್ದೇ. ನಮ್ಮ ಕಡೆ ದೊಡ್ಡೋರು ಅಂತ ಈಗ ಯಾರಿದಾರೆ? ನೀವು ಅಲ್ಲಿ ಕೂತಿದ್ರೆ ನಂಗೆ ನಮ್ಮ ಮುತ್ತಜ್ಜೀನೇ ಬಂದು ಕೂತಂಗೆ."

"ಬರ್ದೇ ಇರ್ತೀನಾ," ಎಂದರು ಅಜ್ಜಿ. "ಊಟ ಮಾತ್ರ ಕೇಳ್ಬೇಡಿ."

ಅಂದೇ ತಂಬಿಗೆಗೆ ವಿಭೂತಿ ಹಾಕಿ ಉಜ್ಜಲು ಶುರು ಮಾಡಿದರು. ಮದುವೆಗೆ ಇನ್ನೂ ಮುಕ್ಕಾಲು ವರ್ಷವಿತ್ತು.

ಈಗ ಕಮಿಟಿ ಬರುತ್ತದೆ. ಕಥೆಯಲ್ಲಿ ಕಮಿಟಿ ಬಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು.

ಚರ್ಚಿಗೆ ನೂರು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆ ತರಬೇಕೆಂದು ಕಮಿಟಿಯಾಯಿತು. ಅದರ ಸೆಕ್ರೆಟರಿ ಒಬ್ಬ ರಿಟೈರ್ಡ್ ಗೆಜೆಟೆಡ್ ಆಫೀಸರು. ಅವರು ರಿಟೈರಾದದ್ದು ಕೆಲಸದಿಂದ ಮಾತ್ರ. ಗೆಜೆಟೆಡ್ಡಿನಿಂದ ಇನ್ನೂ ಆಗಿರಲಿಲ್ಲ. ಹಸಿರು ಇಂಕಿನಲ್ಲಿ ಸಹಿ ಹಾಕುವ ಚಟ ಎಷ್ಟಿತ್ತೆಂದರೆ ಭಾನುವಾರದ ಕೀರ್ತನೆಯ ನಂಬರು ಬರೆದ ಬೋರ್ಡಿಗೂ ಹಾಕುತ್ತಿದ್ದರು ಎಂದು ಕೇಳಿದ್ದೇನೆ. ನಾನೇ ಹೇಳಿದ್ದನ್ನು ನಾನೇ ಕೇಳಿದ್ದೇನೆ, ಇರಲಿ. ಮುಖಪುಟಕ್ಕೆ ಚಿತ್ರ ಬೇಕಾಯಿತು. ನಮ್ಮ ಚರ್ಚಿನ ಫೋಟೋ ತೆಗೆಸಿ ನೋಡಿದರು. ಥೇಟ್ ಪಾರ್ಸೆಲ್ ಆಫೀಸು.

"ಇದನ್ನ ಹಾಕಿದ್ರೆ ನಮ್ಗೆ ಗೌರವ ಇರಲ್ಲ," ಎಂದರು ಸೆಕ್ರೆಟರಿ.

ಅವರ ಭಾವಮೈದ ಮೆಡಿಕಲ್ ರೆಪ್ಪು. ಅವನು ಕೊಟ್ಟ ಒಂದು ಕ್ಯಾಲೆಂಡರು ಅವರ ಮನೆಯ ಗೋಡೆಯಲ್ಲಿತ್ತು, ಅದರ ಮೇ ತಿಂಗಳಲ್ಲಿ ಯಾವುದೋ ವಿದೇಶದ ಭಾರೀ ಕಲ್ಲಿನ ಕಟ್ಟಡ. ಎರಡು ಗೋಪುರ, ನಡುವೆ ಆಕಾಶದೆತ್ತರದ ಕಮಾನು ಕಿಟಕಿ, ಕಿಟಕಿಯ ತುಂಬ ನೀಲಿ. ಕೆಳಗೆ ಚಿಕ್ಕದಾಗಿ ಇಂಗ್ಲಿಷಿನಲ್ಲಿ ಆ್ಯಬಿ ಎಂದು ಬರೆದಿತ್ತು. ಸೆಕ್ರೆಟರಿ ಮೇ ತಿಂಗಳನ್ನು ಹರಿದು ಮಾಮೂಲ್‌ಪೇಟೆಯ ಪ್ರೆಸ್ಸಿಗೆ ಕೊಟ್ಟರು. ಪುಸ್ತಕ ಕಟ್ಟು ಕಟ್ಟಾಗಿ ಬಂತು. ಮುಖಪುಟದಲ್ಲಿ ಆ ಕಟ್ಟಡ, ಅದರ ಕೆಳಗೆ ದಪ್ಪಕ್ಷರದಲ್ಲಿ: ನಮ್ಮ ದೇವಾಲಯ, ನಂಬಿಕೆಯ ನೂರು ವರುಷ.

ಒಬ್ಬರಾದರೂ ನಗಬೇಕಿತ್ತೋ ಬೇಡವೋ? ನಗಲಿಲ್ಲ. ಎಲ್ಲರೂ ಹೊಗಳಿದರು. ಹೊಗಳಿಕೆ ಕೇಳಿ ಕೇಳಿ ಕಮಿಟಿಯ ಎಂಜಿನಿಯರಿಗೆ ಒಂದು ಯೋಚನೆ ಬಂತು. ಪುಸ್ತಕದ ಹಾಗೆ ಚರ್ಚಿಲ್ಲ, ಸರಿ. ಚರ್ಚನ್ನೇ ಪುಸ್ತಕದ ಹಾಗೆ ಮಾಡಿದರೆ? ಹಿಂದೆ ಹೆಂಚಿನ ಮಾಡು ಇದ್ದ ಹಾಗೇ ಇರಲಿ, ಮುಂದುಗಡೆ ಮಾತ್ರ ಆ್ಯಬಿ. ಪ್ಲಾನ್ ಹಾಕಿಯೇಬಿಟ್ಟರು. ಎರಡು ಗೋಪುರ, ಕಮಾನು, ನೀಲಿ ಗಾಜು. ಅದಕ್ಕೆ ಜಾಗ ಬೇಕಲ್ಲ? ಜಗಲಿ ಹೋಗುತ್ತದೆ. ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ತುಂಬುತ್ತಾರೆ.

ಪ್ಲಾನನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು, ಪಕ್ಕದಲ್ಲಿ ಮೇ ತಿಂಗಳು. ನಾವು ಮಕ್ಕಳೆಲ್ಲ ಹೋಗಿ ನೋಡಿದೆವು. ನನ್ನ ಕಣ್ಣು ಸ್ವಲ್ಪ ಹದ್ದಿನ ಜಾತಿಯದು. ಆ ದೊಡ್ಡ ನೀಲಿ ಕಿಟಕಿಯ ಮೂಲೆಯಲ್ಲಿ ಏನೋ ಕಪ್ಪಗೆ ಕಂಡಿತು. ರೆಕ್ಕೆ ಇತ್ತು. ಎಂಜಿನಿಯರು ಅಲ್ಲೇ ನಿಂತಿದ್ದರು.

"ಅಂಕಲ್, ಗಾಜಿನೊಳಗೆ ಒಂದು ಕಾಗೆ ಹಾರ್ತಾ ಇದೆ."

ಅವರು ಕನ್ನಡಕ ಏರಿಸಿ ಬಗ್ಗಿದರು. "ಅದು ಕಾಗೆ ಅಲ್ಲಮ್ಮ. ಪಾರಿವಾಳ. ಪವಿತ್ರಾತ್ಮನ ಗುರುತು. ಗಾಜಿನ ಡಿಸೈನು."

"ಕಪ್ಪು ಪಾರಿವಾಳನಾ?"

"ದೂರದಿಂದ ಹಂಗೆ ಕಾಣತ್ತೆ. ನಿಂಗೆ ಹೋಮ್‌ವರ್ಕ್ ಇಲ್ವಾ?"

"ಮತ್ತೆ ಒಂದು ಗೋಪುರ ಯಾಕೆ ಗಿಡ್ಡ ಇದೆ?" ನಿಜಕ್ಕೂ ಎಡಗಡೆಯದರ ತುದಿ ಕಚ್ಚಿದ ನಿಪ್ಪಟ್ಟಿನ ಹಾಗಿತ್ತು. ಪ್ಲಾನಿನಲ್ಲೂ ನಿಷ್ಠೆಯಿಂದ ಹಾಗೇ ಬರೆದಿದ್ದರು.

"ಅದು ವಿದೇಶಿ ಸ್ಟೈಲು," ಎಂದು ಹೊರಟುಬಿಟ್ಟರು.

ನನ್ನ ಹೊಟ್ಟೆಯೊಳಗೆ ಆ ಕಾಗೆ ಕೂತುಬಿಟ್ಟಿತು. ಗಾಜಿನಲ್ಲಿ ಬರೆದ ಹಕ್ಕಿ ಅಷ್ಟು ಸೋಮಾರಿಯಾಗಿ ರೆಕ್ಕೆ ಬಿಡುವುದಿಲ್ಲ. ಅದು ಊಟಕ್ಕೆ ಹೊರಟ ಕಾಗೆ. ಅಂದರೆ ಅದರ ಹಿಂದಿನ ನೀಲಿ ಗಾಜಲ್ಲ.

ಅಜ್ಜಿಯ ಹೂಬತ್ತಿಗೆ ಹತ್ತಿ ತರಲು ಮಾಮೂಲ್‌ಪೇಟೆಗೆ ಹೋದ ದಿನ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕಿದೆ. ಇಡೀ ಬೆಂಗಳೂರಿನ ಧೂಳು ನನ್ನ ಮೂಗಿನೊಳಗೆ ಸಂಸಾರ ಹೂಡಿದ ಮೇಲೆ, ವಿದೇಶ ಪ್ರವಾಸದ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದೇ ಕಟ್ಟಡ. ಅದೇ ಕಚ್ಚಿದ ನಿಪ್ಪಟ್ಟು. ಆದರೆ ಫೋಟೋ ತೆಗೆದದ್ದು ಹಿಂದಿನಿಂದ. ಹಿಂದೆ ಏನೂ ಇರಲಿಲ್ಲ. ಮಾಡಿಲ್ಲ, ನೆಲವಿಲ್ಲ, ಆ ಮುಂದಿನ ಗೋಡೆಯೊಂದು ಬಯಲಲ್ಲಿ ನಿಂತಿತ್ತು. ಕಿಟಕಿಯಲ್ಲಿ ಗಾಜೇ ಇಲ್ಲ. ನೀಲಿ ಎಂದದ್ದು ಆಕಾಶ. ಒಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನಲ್ಲಿ ಕುರಿಗಳು ಮೇಯುತ್ತಿದ್ದವು.

ಫುಟ್‌ಪಾತಿನಲ್ಲಿ ನಿಂತು ನಾನು ಹೇಗೆ ನಕ್ಕೆನೆಂದರೆ ಪುಸ್ತಕದವನು ಹೆದರಿ ಬೆಲೆ ಇಳಿಸಿಬಿಟ್ಟ. ಮನೆಗೆ ಬಂದು ಅಜ್ಜಿಗೆ ತೋರಿಸಿದೆ. "ಆ್ಯಬಿ ಅಂದ್ರೆ ಸನ್ಯಾಸಿಗಳಿದ್ದ ಮಠ ಅಜ್ಜಿ, ಇದು ಈಗ ಹಾಳುಬಿದ್ದಿದೆ." "ಮಧ್ಯಾಹ್ನ ಊಟ ಹಾಕ್ತಿದ್ರಂತಾ?" ಎಂದರು ಅಜ್ಜಿ. ಮಠಗಳ ಬಗ್ಗೆ ಅವರಿಗಿದ್ದ ಪ್ರಶ್ನೆ ಅದೊಂದೇ.

ಟೀಚರಮ್ಮ ನಗಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ, "ಭಾನುವಾರ ಆರಾಧನೆ ಆದ್ಮೇಲೆ ಸಭೆ ಕೂರತ್ತೆ. ನೀನೂ ಬಾ. ಬಾಯಿ ಮಾತ್ರ ನಾನ್ ಹೇಳ್ದಾಗ ತೆಗಿ," ಎಂದರು.

ನಾನು ಜಗಲಿಯ ಮೇಲೆ ಕಿಟಕಿಯ ಹತ್ತಿರ ಕೂತೆ. ಒಳಗೆ ಟೀಚರಮ್ಮ ಎದ್ದು ನಿಂತು ಪುಸ್ತಕ ಎತ್ತಿ ತೋರಿಸಿದರು.

"ಇದು ಆ ಕಟ್ಟಡದ ಹಿಂಭಾಗ. ನೋಡಿ. ಇದರೊಳಗೆ ಕುರಿ ಮೇಯ್ತಾ ಇದೆ."

"ಕುರಿ ನಮ್ಮಲ್ಲಿ ಒಳ್ಳೇದೇ ಅಲ್ವೇನಮ್ಮ, ಬೈಬಲ್ಲಲ್ಲಿ ನಾವೇ ದೇವರ ಕುರಿಗಳು," ಎಂದರು ಸೆಕ್ರೆಟರಿ. ಕೆಲವರು ನಕ್ಕರು.

"ನಗಿ, ನಗಿ. ಇಂಥ ಮಠಗಳನ್ನ ಹಾಳು ಮಾಡಿದ್ದು ಯಾರು ಗೊತ್ತಾ ನಿಮ್ಗೆ? ಆ ದೇಶದ ರಾಜ ಮಠಗಳನ್ನ ಮುಚ್ಚಿಸ್ದ, ಸನ್ಯಾಸಿಗಳನ್ನ ಓಡಿಸ್ದ, ಮಾಡಿನ ಮೇಲಿದ್ದ ಸೀಸ ಕಿತ್ತು ಮಾರ್ಕೊಂಡ. ಊರೋರು ಕಲ್ಲು ಹೊತ್ಕೊಂಡ್ ಹೋಗಿ ದನದ ಕೊಟ್ಟಿಗೆ ಕಟ್ಕೊಂಡ್ರು. ಪ್ರಾಟೆಸ್ಟೆಂಟ್ ಸುಧಾರಣೆ ಅಂತ ಅಲ್ಲಿ ಆಗಿದ್ದೇ ಹಂಗೆ. ಆ ಸುಧಾರಣೆಯಿಂದ ಹುಟ್ಟಿದ ಸಭೆ ನಮ್ದು. ವೈಭವ ಬೇಡ, ದೇವರ ಮಾತು ಎಲ್ರಿಗೂ ಕೇಳ್ಸಿದ್ರೆ ಸಾಕು ಅಂತ ನಮ್ಮ ಹಿರೀರು ಬರೀ ಗೋಡೆ ಕಟ್ಟಿದ್ರು. ಹೊರಗಡೆ ಕೂತೋರ್ಗೂ ಕೇಳ್ಸ್ಲಿ ಅಂತ ಜಗಲಿ ಕಟ್ಟಿದ್ರು. ನಮ್ಮ ಚರಿತ್ರೆ ಅಂದ್ರೆ ಆ ಬರೀ ಗೋಡೆ, ಈ ಜಗಲಿ. ನಿಮ್ಮ ಪುಸ್ತಕದಲ್ಲಿ ಜಗಲಿ ಬಗ್ಗೆ ಒಂದ್ ಸಾಲಿಲ್ಲ. ನೂರು ವರ್ಷ ಆಯ್ತು ಅಂತ ಅದನ್ನ ಒಡ್ದು, ನಾವು ಬಿಟ್ಟು ಬಂದಿದ್ ಹಾಳು ಮಠಾನ ಕಟ್ತೀರಾ?"

ಎಂಜಿನಿಯರು ಗಂಟಲು ಸರಿ ಮಾಡಿಕೊಂಡರು.

"ಹಾಳಾಗಿರೋದನ್ನ ಕಟ್ತಿಲ್ಲಮ್ಮ. ಹಾಳಾಗೋಕ್ ಮುಂಚೆ ಹೇಗಿತ್ತೋ ಹಾಗೆ ಕಟ್ತೀವಿ."

ಟೀಚರಮ್ಮ ನನ್ನ ಕಡೆ ನೋಡಿದರು. ಅದೇ ಸಿಗ್ನಲ್ಲು.

"ಹಾಗಾದ್ರೆ ಮುರಿದ ಗೋಪುರಾನ ಯಾಕೆ ಮುರಿದ ಹಂಗೇ ಕಟ್ತೀರಾ ಅಂಕಲ್?" ಎಂದು ಕಿಟಕಿಯಿಂದ ಕೂಗಿದೆ. "ಕಾಗೆ ಬೇರೆ ಹಾಕಿಸ್ತಿದೀರಾ!"

"ಏ ಹುಡುಗಿ! ನೀನು ಸಭೆಯೋಳಲ್ಲ, ನಿಂಗೇನ್ ಕೆಲಸ ಇಲ್ಲಿ?"

"ಅದಕ್ಕೇ ಜಗಲಿ ಮೇಲಿದೀನಿ."

ಇದನ್ನು ನಾನು ಹೇಳಿದ ಮಾತುಗಳಲ್ಲೇ ಅತ್ಯುತ್ತಮ ಎಂದು ಈಗಲೂ ನಂಬಿದ್ದೇನೆ. ಆದರೆ ಅತ್ಯುತ್ತಮ ಮಾತಿಗೆ ಗೋಡೆ ನಿಲ್ಲುವುದಿಲ್ಲ. ಗಾಜಿಗೆ ಆರ್ಡರ್ ಹೋಗಿಬಿಟ್ಟಿದೆ ಎಂದರು. ಪಾರಿವಾಳದ ಸಮೇತ. ಸಭಾಪಾಲಕರು ಒಳ್ಳೆಯವರು, ಹೊಸಬರು, ಯಾವ ಜಗಳಕ್ಕೂ ಅವರ ಬಳಿ ಒಂದೇ ಔಷಧಿ: "ಪ್ರಾರ್ಥನೆ ಮಾಡೋಣ." ಎಲ್ಲರೂ ಕಣ್ಣು ಮುಚ್ಚಿದರು. ನಾನು ತೆರೆದೇ ಇದ್ದೆ. ಸೆಕ್ರೆಟರಿಯೂ ತೆರೆದೇ ಇದ್ದರು, ನನ್ನನ್ನೇ ದುರುಗುಟ್ಟುತ್ತಿದ್ದರು. ಆಮೆನ್ ಬರುವವರೆಗೆ ನಾವಿಬ್ಬರೂ ರೆಪ್ಪೆ ಬಡಿಯಲಿಲ್ಲ.

ಕೊನೆಗೆ ಟೀಚರಮ್ಮ ಒಂದೇ ಒಂದು ಕೇಳಿದರು. "ನನ್ನ ಮೊಮ್ಮಗಳ ಮದುವೆ ಆಗೋವರೆಗಾದ್ರೂ ಜಗಲಿ ಬಿಡಿ. ಜನವರಿ. ಆಮೇಲೆ ಏನಾದ್ರೂ ಮಾಡ್ಕೊಳಿ."

"ಮದುವೆ ಮುಗಿಯೋವರೆಗೂ ಕೈ ಹಚ್ಚಲ್ಲ. ಮಾತು ಕೊಡ್ತೀವಿ," ಎಂದರು ಸೆಕ್ರೆಟರಿ. ಇಡೀ ಸಭೆಯ ಮುಂದೆ ಹೇಳಿದರು. ಪೀಠದ ಪಕ್ಕದಲ್ಲೇ ನಿಂತು ಹೇಳಿದರು.

ಜೂನ್ ತಿಂಗಳಲ್ಲಿ ಕಂಟ್ರಾಕ್ಟರು ಬಂದರು. ಅವರು ನಮ್ಮವರು, ಹಣೆಯ ತುಂಬ ಕುಂಕುಮ. "ನೋಡಿ ಸಾರ್, ಆಷಾಢ ಬಂದ್ರೆ ನಾನ್ ಪಾಯಕ್ ಕೈ ಹಾಕಲ್ಲ. ಶ್ರಾವಣಕ್ ಬೇರೆ ಸೈಟ್ ಒಪ್ಕೊಂಡಿದೀನಿ. ಮಾಡೋದಾದ್ರೆ ಈ ವಾರ ಒಡೀಬೇಕು, ಇಲ್ಲಾಂದ್ರೆ ಮುಂದಿನ ವರ್ಷ," ಎಂದರಂತೆ. ಆಗ ನಮ್ಮ ಕಮಿಟಿ ಏನು ಮಾಡಿತು? ರಾಹುಕಾಲ, ಗುಳಿಕಕಾಲ ಯಾವುದನ್ನೂ ನಂಬಬಾರದೆಂದು ನೂರು ವರ್ಷ ಪ್ರಸಂಗ ಕೇಳಿಕೊಂಡು ಬಂದ ಸಭೆಯ ಕಮಿಟಿ, ಆಷಾಢಕ್ಕೆ ಹೆದರಿ, ಕೊಟ್ಟ ಮಾತು ಬಿಟ್ಟಿತು. ಹೀಗೆ ಮಾಡಲು ಎಲ್ಲೂ ಯಾರಿಗೂ ಸಾಧ್ಯವಿಲ್ಲ. ಚಾಮರಾಜಪೇಟೆಯಲ್ಲಿ ಮಾತ್ರ ಸಾಧ್ಯ.

ಸಂಜೆ ನಾವು ಪುಸ್ತಕದ ಚೀಲ ಹಿಡಿದು ಹೋದಾಗ ಜಗಲಿ ಇರಲಿಲ್ಲ. ಕಂಬಗಳು ಉರುಳಿದ್ದವು. ಕೆಂಪು ನೆಲ ಹಪ್ಪಳದ ಹಾಗೆ ಪುಡಿಯಾಗಿತ್ತು. ಇಸ್ತ್ರಿ ಅಂಗಡಿಯ ಅವಳಿಗಳಲ್ಲಿ ಚಿಕ್ಕವನು, ಮೆಟ್ಟಿಲೇ ಇಲ್ಲದಿದ್ದರೂ, ಮೆಟ್ಟಿಲಿದ್ದ ಜಾಗದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಟ್ಟಿಗೆ ಚೂರಿನ ಮೇಲೆ ನಿಂತ. ಜೋಕು ಹೊಳೆಯಲಿಲ್ಲ. ನನಗೆ ಜೋಕು ಹೊಳೆಯದಿದ್ದದ್ದು ಅದೇ ಮೊದಲು.

ಟೀಚರಮ್ಮ ಬಂದರು. ಚಾಪೆ ಕಂಕುಳಲ್ಲೇ ಇತ್ತು. ಛತ್ರಿಯ ತುದಿಯಿಂದ ಒಂದು ಕೆಂಪು ಚೂರನ್ನು ಮಗುಚಿದರು. "ಚಪ್ಪಲಿ ಹಾಕ್ಕೊಳೋ, ಕಾಲಿಗ್ ಚುಚ್ಚತ್ತೆ," ಎಂದರು. ಬೈಯಲಿಲ್ಲ, ಅಳಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಬೈದೆ, ಸೆಕ್ರೆಟರಿಯ ಮನೆಯ ಗೇಟಿನ ಮುಂದೆ ನಿಂತು, ಅವರ ನಾಯಿ ನಾಚಿ ಒಳಗೆ ಹೋಗುವವರೆಗೆ. ಪಾಠ ನಮ್ಮ ಮನೆಯ ಅಂಗಳಕ್ಕೆ ಬಂತು. ಅಪ್ಪನ ಸ್ಕೂಟರಿಗೂ ತುಳಸಿಕಟ್ಟೆಗೂ ನಡುವೆ ಇದ್ದ ಸಂದಿಯಲ್ಲಿ ಮಕ್ಕಳು ಅವರೆಕಾಳಿನ ಹಾಗೆ ಒತ್ತಿಕೊಂಡು ಕೂತರು. ಅಜ್ಜಿ ಬಾಗಿಲಲ್ಲಿ ಕೂತು ಎಲ್ಲರ ಮಗ್ಗಿಯನ್ನೂ ತಪ್ಪು ತಪ್ಪಾಗಿ ತಿದ್ದಿದರು.

ಡಿಸೆಂಬರಿಗೆ ಆ್ಯಬಿ ಎದ್ದು ನಿಂತಿತು. ಎದುರಿನಿಂದ ನೋಡಿದರೆ ಅರಮನೆ. ಪಕ್ಕದಿಂದ ನೋಡಿದರೆ ನಾಟಕದ ಪರದೆ, ಅದರ ಹಿಂದೆ ಅದೇ ಹೆಂಚಿನ ಮಾಡು, ಹೆದರಿ ಬಚ್ಚಿಟ್ಟುಕೊಂಡ ಹಾಗೆ. ಒಂದು ಗೋಪುರ ಗಿಡ್ಡ. ನಡುವೆ ನೀಲಿ ಗಾಜು, ಮೂಲೆಯಲ್ಲಿ ಕರೀ ಪಾರಿವಾಳ. ಮೊದಲ ವಾರವೇ ಒಂದು ನಿಜವಾದ ಕಾಗೆ ಬಂದು, ಇನ್ನೊಬ್ಬ ತನ್ನ ಏರಿಯಾಗೆ ನುಗ್ಗಿದ್ದಾನೆ ಎಂದುಕೊಂಡು, ಆ ಪಾರಿವಾಳವನ್ನು ಕುಕ್ಕತೊಡಗಿತು. ಪ್ರಸಂಗದ ನಡುವೆ ಟಕ್ ಟಕ್ ಎಂದು ಕೇಳಿಸುತ್ತಿತ್ತಂತೆ. ಬಿಸಿಲು ಬಿದ್ದರೆ ಒಳಗಿನವರೆಲ್ಲ ನೀಲಿ. ಸಭಾಪಾಲಕರನ್ನು ಬಾಗಿಲಿಂದ ಕಂಡ ಅಜ್ಜಿ, "ಪಾಪ, ಥಂಡಿ ಹಿಡ್ದಿದೆ ಆ ಹುಡುಗಂಗೆ," ಎಂದು ಶುಂಠಿ ಕಷಾಯ ಮಾಡಿಕೊಡಲು ಹೊರಟಿದ್ದರು.

ಮದುವೆಯ ದಿನ ಅಜ್ಜಿ ಇಳಕಲ್ ಸೀರೆ ಉಟ್ಟು, ಹೊಳೆಯುವ ತಂಬಿಗೆ, ಮಣೆ ಹಿಡಿದು ನನ್ನ ಜೊತೆ ರಸ್ತೆ ದಾಟಿದರು. ಜಗಲಿ ಹೋಗಿದೆ ಎಂದು ಗೊತ್ತಿತ್ತು. ಆದರೂ ಕರೆದವರು ಟೀಚರಮ್ಮ, ಮಾತು ಎಂದರೆ ಮಾತು ಎಂದು ಹೊರಟಿದ್ದರು. ಕೆಲವರಾದರೂ ಮಾತು ಉಳಿಸಿಕೊಳ್ಳುತ್ತಾರೆ. ಹೂ ಕಟ್ಟುವ ಹೆಂಗಸರೂ ಬಂದಿದ್ದರು. ಎಲ್ಲರೂ ಹೊಸ ಕಮಾನಿನ ಮುಂದೆ ಬಿಸಿಲಲ್ಲಿ ಗುಂಪಾಗಿ ನಿಂತರು. ಕೂರಲು ಜಾಗವಿಲ್ಲ. ನೋಡಲು ಕಿಟಕಿಯಿಲ್ಲ. ಬಾಗಿಲು ಆಳೆತ್ತರದ್ದು, ಸ್ಪ್ರಿಂಗಿನದು. ಯಾರಾದರೂ ಒಳಗೆ ಹೋದ ತಕ್ಷಣ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು.

ಬಾಗಿಲಲ್ಲಿ ಕೈ ಮುಗಿಯುತ್ತಿದ್ದ ಸೆಕ್ರೆಟರಿ ಅಜ್ಜಿಗೆ, "ಒಳಗ್ ಬನ್ನಿ ಅಮ್ಮ, ಬೇಕಾದಷ್ಟು ಸೀಟಿದೆ," ಎಂದರು.

"ನಾನ್ ಒಳಗ್ ಬರೋದಾಗಿದ್ರೆ ನೂರು ವರ್ಷದಿಂದ ನೀವ್ ಜಗಲಿ ಯಾಕಪ್ಪ ಇಟ್ಕೊಂಡಿದ್ರಿ?" ಎಂದರು ಅಜ್ಜಿ. ಗುಟ್ಟಾಗಿಯೇ ಹೇಳಿದರು. ಸಂತೆಗೆ ಕೇಳಿಸಿತು.

ಮದುಮಗಳು ಒಳಗೆ ಹೋದಳು. ಅವಳ ಹಿಂದೆ ಟೀಚರಮ್ಮ, ರೇಷ್ಮೆ ಸೀರೆ, ಕೈಯಲ್ಲಿ ಕೀರ್ತನೆಯ ಪುಸ್ತಕ. ಹೊಸ್ತಿಲಲ್ಲಿ ತಿರುಗಿ ನೋಡಿದರು. ಬಿಸಿಲಲ್ಲಿ ಮಣೆಯನ್ನು ಎದೆಗೆ ಅವುಚಿಕೊಂಡು ನಿಂತ ನಮ್ಮಜ್ಜಿ ಕಂಡರು. ಒಳಗೆ ಮೊದಲ ಸಾಲಿನಲ್ಲಿ ಅವರ ಜಾಗ ಕಾಯುತ್ತಿತ್ತು. ಸೆಕ್ರೆಟರಿ ಕೈ ತೋರಿಸುತ್ತಲೇ ಇದ್ದರು. ಟೀಚರಮ್ಮ ಹೊರಗೆ ಬಂದುಬಿಟ್ಟರು.

"ಹಾಕಿ ಮಣೆ, ಇಲ್ಲೇ," ಎಂದು ಬಾಗಿಲ ಪಕ್ಕದ ಹೊಸ ಗ್ರಾನೈಟಿನ ಮೇಲೆ ತಾವೂ ಕೂತರು, ರೇಷ್ಮೆ ಸೀರೆಯಲ್ಲೇ.

"ನೀವ್ ಒಳಗ್ ಹೋಗಿ, ನಿಮ್ಮ ಮಗೂ ಮದುವೆ!" ಎಂದರು ಅಜ್ಜಿ.

"ನಿಮ್ಗೆ ಮೊದಲನೇ ಕಿಟಕಿ ಅಂತ ಹೇಳಿದ್ದೆ. ಅದಂತೂ ಇಲ್ಲ."

ಬಾಗಿಲು ಧಡ್ ಎಂದು ಮುಚ್ಚಿತು. ಒಳಗೆ ಕೀರ್ತನೆ ಶುರುವಾಗಿರಬೇಕು. ಹೊರಗೆ ಕೇಳಿದ್ದು ಕಾಗೆಯ ಟಕ್ ಟಕ್ ಮಾತ್ರ.

ಆಗ ನನ್ನ ತಲೆ ಕೆಟ್ಟಿತು. ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ. ಗೋಡೆಯ ಬದಿಯಲ್ಲಿ ಸ್ಮರಣ ಸಂಚಿಕೆಯ ಕಟ್ಟುಗಳಿದ್ದವು, ಯಾರೂ ಕೊಳ್ಳದೆ ಮಿಕ್ಕವು. ಒಂದನ್ನು ಎಳೆದು ತಂದು ಬಾಗಿಲಿಗೆ ಒತ್ತುಕೊಟ್ಟೆ. ಸ್ಪ್ರಿಂಗು ಅದನ್ನು ತಳ್ಳಿತು. ಇನ್ನೊಂದು ತಂದೆ. ಮತ್ತೊಂದು. ಸೆಕ್ರೆಟರಿ ತುದಿಗಾಲಲ್ಲಿ ಓಡಿ ಬಂದರು, ಮದುವೆಯಾದ್ದರಿಂದ ಕೂಗುವ ಹಾಗಿರಲಿಲ್ಲ.

"ಏ ಹುಡುಗಿ, ಅದು ಸ್ಮರಣ ಸಂಚಿಕೆ ಕಣೇ! ನಮ್ಮ ಚರಿತ್ರೆ!"

"ಗೊತ್ತು ಅಂಕಲ್. ಭಾರ ಚೆನ್ನಾಗಿದೆ."

ಅವರು ಕಟ್ಟು ಎತ್ತಲು ಬಗ್ಗಿದರು. ನಾನು ಅದರ ಮೇಲೆ ಕೂತುಬಿಟ್ಟೆ, ಸರಿಯಾಗಿ ಆ್ಯಬಿಯ ಮೇಲೆ. ಎಬ್ಬಿಸಲು ಒಂದು ಗಲಾಟೆ ಬೇಕಾಗುತ್ತಿತ್ತು, ಪೀಠದಿಂದ ಸಭಾಪಾಲಕರು ಇತ್ತ ನೋಡುತ್ತಿದ್ದರು. ನೀಲಿ ಮುಖ, ಅದರಲ್ಲಿ ಏನಿದೆಯೆಂದು ಗೊತ್ತಾಗಲಿಲ್ಲ. ಆದರೆ ಅವರು ಪ್ರಾರ್ಥನೆ ಮಾಡೋಣ ಎನ್ನಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ, ಬಾಗಿಲ ಕಡೆಗೆ ತಿರುಗಿ, ಹೊರಗಿನವರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದತೊಡಗಿದರು. ಸೆಕ್ರೆಟರಿ ಹೋಗಿ ಕೂತರು.

ತೆರೆದ ಸಂದಿ ದೊಡ್ಡದಾಗಿರಲಿಲ್ಲ. ಹೊರಗಿನಿಂದ ಕಂಡದ್ದು ಮದುಮಗಳ ಒಂದು ಮೊಣಕೈ, ಹೂಗುಚ್ಛದ ಅರ್ಧ, ಹುಡುಗನ ಬೂಟು. ಟೀಚರಮ್ಮ ಕುತ್ತಿಗೆ ಉದ್ದ ಮಾಡಿ ಆ ಮೊಣಕೈಯನ್ನೇ ನೋಡುತ್ತಿದ್ದರು.

"ಏನಂತೆ, ಏನಂತೆ?" ಎಂದರು ಅಜ್ಜಿ.

"ಒಪ್ಕೊಂಡ್ಳು," ಎಂದರು ಟೀಚರಮ್ಮ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಜ್ಜಿ ತಂಬಿಗೆಯನ್ನು ಅವರ ಕಡೆ ನೂಕಿದರು. ಆ ತಂಬಿಗೆಯ ನೀರನ್ನು ನನಗೂ ಮುಟ್ಟಲು ಬಿಡುವವರಲ್ಲ ನಮ್ಮಜ್ಜಿ. "ಕುಡೀರಿ," ಎಂದರು, "ಬಿಸ್ಲು ಜಾಸ್ತಿ. ಹಾಳಾದೋರು ಒಂದ್ ನೆರಳೂ ಬಿಟ್ಟಿಲ್ಲ."